ತಾಳೆಯಾದ ಮೇಲೆ ಇಂಕು

ಬೀಗ, ಚಿಲಕ, ಬಾಗಿಲ ಕೀಲು, ಸ್ಕ್ರೂ ಮಾರುವ ಆ ಸಗಟು ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ದಿನದ ಲೆಕ್ಕವನ್ನು ಮೊದಲು ಪೆನ್ಸಿಲಿನಲ್ಲಿ ಬರೆಯಬೇಕು. ಎಡಗಡೆಯ ಮೊತ್ತವೂ ಬಲಗಡೆಯ ಮೊತ್ತವೂ ಒಂದೇ ಬಂದರೆ ತಾಳೆಯಾಯಿತು ಅಂತ. ಆಮೇಲೆ ಅದರ ಮೇಲೇ ಇಂಕಿನಲ್ಲಿ ತಿದ್ದಬೇಕು. ತಾಳೆಯಾಗದಿದ್ದರೆ ಶಟರ್ ಅರ್ಧ ಇಳಿಸಿ ಎಲ್ಲರೂ ಕೂತು ಹುಡುಕಬೇಕು, ಯಜಮಾನರೂ ಸೇರಿ. ಒಮ್ಮೆ ಯಜಮಾನರ ಹೆಂಡತಿ ಸೀರೆ ಉಟ್ಟು, ಬೀಗರ ಮನೆ ಊಟಕ್ಕೆ ಹೊರಟು ನಿಂತು ಮೂರು ಸಲ ಫೋನ್ ಮಾಡಿದರೂ ಯಜಮಾನರನ್ನು ಎದ್ದು ಹೋಗಲು ಬಿಡಲಿಲ್ಲವಂತೆ. ವ್ಯತ್ಯಾಸ ಇದ್ದದ್ದು ಹದಿನೆಂಟು ರೂಪಾಯಿ. ಸಿಕ್ಕಿದಾಗ ಊಟ ಮುಗಿದಿತ್ತು.

ಈ ಕಟ್ಟಳೆ ತಂದವರು ಅಂಗಡಿಯ ಗುಮಾಸ್ತರು. ಎಲ್ಲರಿಗೂ ಪೆನ್ಸಿಲ್ ಮಾವ. ಅಲ್ಲಿ ಬಿಲ್ ಬರೆಯುತ್ತಿದ್ದ ಬಿಲ್ಲಕ್ಕನಿಗೆ ಮಾತ್ರ ಅವರು ನಿಜವಾಗಿಯೂ ಮಾವ, ತಾಯಿಯ ಒಡಹುಟ್ಟಿದ ಅಣ್ಣ. ಹತ್ತೊಂಬತ್ತು ವರ್ಷದ ಹಿಂದೆ ಅವರೇ ಕೈಹಿಡಿದು ಅಂಗಡಿಗೆ ಕರೆತಂದು, ಕೈಗೆ ಒಂದು ಪೆನ್ಸಿಲು ಕೊಟ್ಟು, "ತಾಳೆ ಆಗದ್ದಕ್ಕೆ ಇಂಕು ಹಾಕಿದ್ರೆ ಸುಳ್ಳು ಹೇಳಿದ ಹಾಗೆ" ಅಂದಿದ್ದರು. ಬಿಲ್ಲಕ್ಕ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಮನೆಯಲ್ಲಿ ಹಾಲಿನವನ ಲೆಕ್ಕವನ್ನೂ ಅವಳು ಪೆನ್ಸಿಲಿನಲ್ಲೇ ಬರೆಯುತ್ತಿದ್ದಳು. ಬಸ್ಸು ಓಡಿಸುವ ಅವಳ ಗಂಡ, "ನಮ್ಮ ಮದುವೆ ಕಾಗದಕ್ಕಾದ್ರೂ ಪೆನ್ನಲ್ಲಿ ಸೈನ್ ಮಾಡಿದೀಯಾ, ನೋಡಿಲ್ಲ ನಾನು" ಅಂತ ಛೇಡಿಸುತ್ತಿದ್ದ.

ಇಷ್ಟು ಹೇಳಿ ಮಾವನ ಸಂಬಳದ ಮಾತು ಹೇಳದಿದ್ದರೆ ಅನ್ಯಾಯ. ನಲವತ್ತು ವರ್ಷ ಅಂಗಡಿಯ ಲೆಕ್ಕವನ್ನೆಲ್ಲ ಅವರೇ ನೋಡಿದರು. ಆದರೆ ಕೊನೇ ದಿನದವರೆಗೂ ಗುಮಾಸ್ತರಾಗಿಯೇ ಉಳಿದರು, ಅಕೌಂಟೆಂಟ್ ಆಗಲಿಲ್ಲ. ವರ್ಷಕ್ಕೊಮ್ಮೆ ಹೊರಗಿನಿಂದ ಒಬ್ಬ ಬಂದು, ಮಾವ ಬರೆದದ್ದರ ಕೆಳಗೆ ಸೈನ್ ಹಾಕಿ, ಮಾವನ ಮೂರು ತಿಂಗಳ ಸಂಬಳದಷ್ಟು ಎಣಿಸಿಕೊಂಡು ಹೋಗುತ್ತಿದ್ದ. ಸಂಬಳ ಹೆಚ್ಚಿಸಿ ಅಂತ ಕೇಳಿದಾಗಲೆಲ್ಲ ಯಜಮಾನರದು ಒಂದೇ ಮಾತು: "ಸರ್ಟಿಫಿಕೇಟ್ ತನ್ನಿ, ನೋಡೋಣ." ಮಾವ ನಕ್ಕುಬಿಡುತ್ತಿದ್ದರು. ಪರೀಕ್ಷೆ ಗಿರೀಕ್ಷೆ ನಮಗ್ಯಾಕೆ, ಕೆಲಸ ಬಂದರೆ ಸಾಕು ಅನ್ನುತ್ತಿದ್ದರು.

ಮಾವನ ಕಣ್ಣು ಮಂಜಾಗಿ ಅವರು ಮನೆಯಲ್ಲಿ ಕೂತ ವರ್ಷವೇ ಯಜಮಾನರ ಮಗಳು ಅಂಗಡಿ ವಹಿಸಿಕೊಂಡಳು. ಚಿಕ್ಕ ಯಜಮಾನಿ ಕೆಟ್ಟವಳಲ್ಲ, ಆದರೆ ಸುತ್ತಿ ಬಳಸಿ ಮಾತಾಡುವವಳೂ ಅಲ್ಲ. ಬಿಲ್ಲಕ್ಕನನ್ನು ಕೂರಿಸಿಕೊಂಡು ಹೇಳಿದಳು.

"ಅಕ್ಕ, ಇನ್ನೆರಡು ವರ್ಷಕ್ಕೆ ಬಿಲ್ಲೆಲ್ಲ ಮಷೀನು ಹಾಕುತ್ತೆ. ನಿಮ್ಮ ಕುರ್ಚಿ ಇರಲ್ಲ. ಮಾವನ ಮೇಜು ಖಾಲಿ ಇದೆ, ಸರ್ಟಿಫಿಕೇಟ್ ಇದ್ದವರಿಗೆ ಅದು. ಸಂಜೆ ಕ್ಲಾಸ್ ಇದೆಯಂತೆ, ಒಂದೂವರೆ ವರ್ಷದ್ದು. ಫೀಸಲ್ಲಿ ಅರ್ಧ ನಾನು ಕೊಡ್ತೀನಿ. ಪಾಸಾದ್ರೆ ಮೇಜು ನಿಮ್ಮದು. ಆಗದಿದ್ರೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

ನಲವತ್ಮೂರನೇ ವಯಸ್ಸಿಗೆ ಬಿಲ್ಲಕ್ಕ ಹೆಗಲಿಗೆ ಚೀಲ ಹಾಕಿಕೊಂಡು ಕ್ಲಾಸಿಗೆ ಹೊರಟಳು. ವಾರಕ್ಕೆ ಮೂರು ಸಂಜೆ, ಆರರಿಂದ ಎಂಟು, ಒಂದು ಟೈಪಿಂಗ್ ಶಾಲೆಯ ಮೇಲಿನ ಮಹಡಿಯಲ್ಲಿ. ಕೆಳಗಿನ ಕಟಕಟ ಸದ್ದು ನೆಲದಿಂದ ಕುರ್ಚಿಗೂ ಹತ್ತುತ್ತಿತ್ತು. ಹದಿನಾಲ್ಕು ಜನರಲ್ಲಿ ಅವಳೇ ಹಿರಿಯಳು. ಪಾಠ ಹೇಳುವ ಮೇಷ್ಟ್ರೂ ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ತಿಂಗಳು ಅವಳಿಗೆ ತಲೆಬುಡ ತಿಳಿಯಲಿಲ್ಲ. ಗೊತ್ತಿದ್ದ ಕೆಲಸಕ್ಕೆಲ್ಲ ಅಲ್ಲಿ ಬೇರೆ ಹೆಸರು. ಎರಡನೇ ತಿಂಗಳು, ಅರೆ, ಇದು ನಾವು ದಿನಾ ಮಾಡೋದೇ ಅಲ್ವಾ ಅನ್ನಿಸಿತು. ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿರಲಿಲ್ಲ.

ಒಂದು ವಿಷಯ ಬಿಟ್ಟು. ಅವಳ ಕೈ ಪೆನ್ನು ಹಿಡಿಯುತ್ತಿರಲಿಲ್ಲ.

"ಅಕ್ಕ, ಪೆನ್ಸಿಲಲ್ಲಿ ಬರೆದ ಉತ್ತರ ತಿದ್ದಲ್ಲ. ಸೊನ್ನೆ," ಅಂದರು ಮೇಷ್ಟ್ರು.

"ಗೊತ್ತು ಸರ್. ತಾಳೆ ಆದ ತಕ್ಷಣ ಇಂಕು ಹಾಕ್ತೀನಿ."

"ಆಗದೇ ಹೋದ್ರೆ?"

"ಆಗೋವರೆಗೂ ಹುಡುಕ್ತೀನಿ."

ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ಇದು ಅಂಗಡಿ ಅಲ್ಲ ಅಕ್ಕ. ಇಲ್ಲಿ ಶಟರ್ ತಾನಾಗೇ ಇಳಿಯುತ್ತೆ. ತಾಳೆ ಆಗದಿದ್ರೆ ಎಷ್ಟು ವ್ಯತ್ಯಾಸ ಅಂತ ಕೆಳಗೆ ಬರೆದು ಮುಂದೆ ಹೋಗಿ. ಮಾಡಿದ ಕೆಲಸಕ್ಕೆಲ್ಲ ಅಂಕ ಇದೆ. ತಾಳೆಗೆ ಇರೋದು ಎರಡೇ."

ಎರಡೇ ಅಂಕ! ಬಿಲ್ಲಕ್ಕನಿಗೆ ಇದು ಯಾರೋ ಮಾವನ ಮುಖಕ್ಕೇ ಆಡಿದ ಮಾತಿನ ಹಾಗೆ ಕೇಳಿಸಿತು. ಭಾನುವಾರ ಭಾನುವಾರ ಅವಳು ಎರಡು ಬೀದಿ ಆಚೆ ಇದ್ದ ಮಾವನ ಮನೆಗೆ ಹೋಗಿ ಕ್ಲಾಸಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಇದೊಂದನ್ನು ಹೇಳಲಿಲ್ಲ. ನಲವತ್ತು ವರ್ಷ ಯಾವುದಕ್ಕಾಗಿ ಶಟರ್ ಅರ್ಧ ಇಳಿಸಿ ಕೂತಿದ್ದರೋ ಅದಕ್ಕೆ ನೂರರಲ್ಲಿ ಎರಡು ಅಂತ ಹೇಳುವುದು ಯಾವ ಬಾಯಿಂದ?

ಪರೀಕ್ಷೆಯ ಹಿಂದಿನ ಭಾನುವಾರ ಮಾವ ತಾವೇ ಮಾತು ತೆಗೆದರು. "ಮೂರು ಗಂಟೆ ಅಂತ ಹೇಳ್ತಾರೆ, ಆದರೆ ಎರಡೂಮುಕ್ಕಾಲಿಗೇ ಒಂದು ಬೆಲ್ ಹೊಡೀತಾರೆ. ಎದೆ ಹಾರಿಹೋಗುತ್ತೆ. ಗಾಬರಿ ಆಗ್ಬೇಡ. ಬೆಂಚು ಅಲುಗಾಡಿದ್ರೆ ಕಾಗದ ಮಡಚಿ ಕಾಲಿನ ಕೆಳಗಿಡು."

ನಿಮಗೆ ಹೇಗೆ ಗೊತ್ತು ಅಂತ ಅವಳು ಕೇಳಲಿಲ್ಲ. ಯಾರೋ ಹೇಳಿರಬೇಕು ಅಂದುಕೊಂಡಳು. ಬಾಗಿಲವರೆಗೂ ಬಂದು ಮಾವ ಮತ್ತೆ ಹೇಳಿದರು, "ತಾಳೆ ಆದ ಮೇಲೇ ಇಂಕು."

ಪರೀಕ್ಷೆಯಲ್ಲಿ ಬೆಂಚು ನಿಜವಾಗಿಯೂ ಅಲುಗಾಡಿತು. ಬಿಲ್ಲಕ್ಕ ಹಾಲ್ ಟಿಕೆಟಿನ ಜೆರಾಕ್ಸ್ ಮಡಚಿ ಕಾಲಿನ ಕೆಳಗಿಟ್ಟಳು. ಒಟ್ಟು ಐದು ಪ್ರಶ್ನೆ. ಪಾಸಾಗಲು ಐವತ್ತು ಬೇಕು. ಮೊದಲ ನಾಲ್ಕನ್ನು ಪೆನ್ಸಿಲಿನಲ್ಲಿ ಮಾಡಿ, ಸರಿನೋಡಿ, ಇಂಕು ಹಾಕಿ ಮುಗಿಸುವಾಗ ಒಂದೂಮುಕ್ಕಾಲು ಗಂಟೆ ಆಗಿತ್ತು. ಅದರಲ್ಲಿ ಎರಡು ಅವಳಿಗೇ ಅಷ್ಟಕ್ಕಷ್ಟೆ ಅನ್ನಿಸಿದ್ದವು. ಐದನೆಯದು ದೊಡ್ಡದು, ಮೂವತ್ತು ಅಂಕದ್ದು. ಒಂದು ಅಂಗಡಿಯ ಇಡೀ ವರ್ಷದ ತಾಳೆಪಟ್ಟಿ. ಅದಿಲ್ಲದೆ ಐವತ್ತು ದಾಟುವುದಿಲ್ಲ ಅಂತ ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಇದು ತನ್ನ ಮನೆಯ ಕೆಲಸ ಅಂತ ಅವಳು ಧೈರ್ಯವಾಗಿಯೇ ಶುರುಮಾಡಿದಳು. ಮೂರು ಪುಟ, ಎಲ್ಲ ಪೆನ್ಸಿಲು. ಎಡಕ್ಕೆ ಕೂಡಿಸಿದಳು, ಬಲಕ್ಕೆ ಕೂಡಿಸಿದಳು. ಎಡಗಡೆ ಐನೂರ ನಲವತ್ತು ಕಡಿಮೆ ಬಂತು. ಮತ್ತೆ ಕೂಡಿಸಿದಳು. ಮತ್ತೂ ಅದೇ ಐನೂರ ನಲವತ್ತು.

ಒಂಬತ್ತರಿಂದ ಭಾಗಿಸು ಅನ್ನುತ್ತಿದ್ದರು ಮಾವ. ಶೇಷ ಉಳಿಯದೆ ಭಾಗ ಹೋದರೆ ಎಲ್ಲೋ ಎರಡು ಅಂಕಿ ಹಿಂದುಮುಂದಾಗಿದೆ ಅಂತ ಲೆಕ್ಕ. ಐನೂರ ನಲವತ್ತು ಒಂಬತ್ತಕ್ಕೆ ಸರಿಯಾಗಿ ಹೋಯಿತು. ಸರಿ, ಹುಡುಕಬೇಕು. ನಲವತ್ತೆರಡು ಸಾಲು. ಬೆರಳಿಟ್ಟುಕೊಂಡು ಒಂದೊಂದೇ ನೋಡುತ್ತ ಹದಿನೆಂಟನೆಯದು ಮುಗಿಸಿದಾಗ ಬೆಲ್ ಹೊಡೆಯಿತು. ಎರಡೂಮುಕ್ಕಾಲು.

ಬಿಲ್ಲಕ್ಕ ಬೆರಳು ಎತ್ತದೆ ಲೆಕ್ಕ ಹಾಕಿದಳು. ಮೂರು ಪುಟಕ್ಕೆ ಇಂಕು ಹಾಕಲು ಕಡಿಮೆ ಅಂದರೂ ಹನ್ನೆರಡು ನಿಮಿಷ. ಇನ್ನು ಇಪ್ಪತ್ನಾಲ್ಕು ಸಾಲು ಬಾಕಿ. ಹುಡುಕಿದರೆ ಇಂಕಿಗೆ ಹೊತ್ತಿಲ್ಲ, ಇಂಕು ಹಾಕಿದರೆ ಹುಡುಕಲು ಹೊತ್ತಿಲ್ಲ. ಅವಳು ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು. ಇನ್ನೂ ಮೂರು ಸಾಲು ನೋಡಿದಳು, ಸಿಗಲಿಲ್ಲ. ಗೋಡೆ ಗಡಿಯಾರದಲ್ಲಿ ಎರಡು ನಿಮಿಷ ಹೋಗಿತ್ತು. ಅವಳ ಕಣ್ಣ ಮುಂದೆ ಬಂದದ್ದು ಮಾವನ ಮುಖ ಅಲ್ಲ, ಮಾವನ ಮೇಜು. ಅದರ ಎಡಗಡೆಯ ಡ್ರಾಯರು ಸಿಕ್ಕಿಹಾಕಿಕೊಳ್ಳುತ್ತದೆ, ಮೊಣಕಾಲಿನಿಂದ ಒತ್ತಿ ಎಳೆಯಬೇಕು. ಅದು ತನಗೆ ಬೇಕು ಅಂತ ಅವಳಿಗೆ ಅನ್ನಿಸಿತು, ಬೇರೆ ಯಾವುದಕ್ಕಿಂತಲೂ ಹೆಚ್ಚಾಗಿ. ಮುಚ್ಚಳ ತೆಗೆದು ಬರೆಯತೊಡಗಿದಳು.

ತಪ್ಪು ಅಂತ ಗೊತ್ತಿದ್ದ ಲೆಕ್ಕಕ್ಕೆ ಇಂಕು ಹಾಕಿದ್ದು ಜೀವಮಾನದಲ್ಲಿ ಅದೇ ಮೊದಲು. ಕೊನೆಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಹಾಗೆ, "ವ್ಯತ್ಯಾಸ 540" ಅಂತ ಬರೆದು ಕೆಳಗೆ ಗೆರೆ ಎಳೆದಳು. ಮಾನ ಹೋದ ಹಾಗಾಯಿತು. ಅಷ್ಟರಲ್ಲಿ ಕಾಗದ ಕಸಿದುಕೊಂಡರು.

ತಪ್ಪು ಸಿಕ್ಕಿದ್ದು ಬಸ್ಸಿನಲ್ಲಿ. ಸೀಟು ಸಿಕ್ಕಿ, ಚೀಲ ತೊಡೆಯ ಮೇಲಿಟ್ಟು, ಪ್ರಶ್ನೆಪತ್ರಿಕೆ ಬಿಡಿಸಿದ ಮೊದಲ ನೋಟಕ್ಕೇ. ರಿಪೇರಿ ಖರ್ಚು 1,820 ಇದ್ದದ್ದನ್ನು ಅವಳು 1,280 ಅಂತ ಇಳಿಸಿಕೊಂಡಿದ್ದಳು. ಸಾಲು ಇಪ್ಪತ್ತೆರಡು. ಇನ್ನೊಂದೇ ಒಂದು ಸಾಲು ಮುಂದೆ ಹೋಗಿದ್ದರೆ ಸಿಗುತ್ತಿತ್ತು. ಅವಳು ನಕ್ಕಳೋ ಅತ್ತಳೋ ಅವಳಿಗೇ ಗೊತ್ತಾಗಲಿಲ್ಲ, ಪಕ್ಕದಲ್ಲಿ ಕೂತಿದ್ದ ಹೆಂಗಸು ಮಾತ್ರ ಸ್ವಲ್ಪ ಸರಿದು ಕೂತಳು.

ಫಲಿತಾಂಶಕ್ಕೆ ಏಳು ವಾರ. ಆ ಏಳು ಭಾನುವಾರವೂ ಬಿಲ್ಲಕ್ಕ ಮಾವನ ಮನೆ ಕಡೆ ತಲೆ ಹಾಕಲಿಲ್ಲ. ಒಂದು ವಾರ ನೆಗಡಿ, ಒಂದು ವಾರ ನೆಂಟರು, ಒಂದು ವಾರ ಬಟ್ಟೆ ಒಗೆಯುವುದಿತ್ತು. ಗಂಡ, "ಎಷ್ಟು ದಿನ ಅಂತ ತಪ್ಪಿಸಿಕೊಂಡು ತಿರುಗ್ತೀಯ? ಅವರೇನು ನಿನ್ನನ್ನ ನುಂಗ್ತಾರಾ?" ಅಂದ. ಮಾವ ಅಂಕ ಎಷ್ಟು ಅಂತ ಕೇಳುವವರಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ, ಅದು ಯಾವುದು ಅಂತ ಅವಳಿಗೆ ಗೊತ್ತಿತ್ತು.

ಅರವತ್ತೊಂದು ಬಂತು. ಮೇಷ್ಟ್ರು ಅಂಕಗಳ ಹಾಳೆಯನ್ನು ಅವಳ ಮುಂದೆ ಹಿಡಿದು ತೋರಿಸಿದರು. ಐದನೆಯದಕ್ಕೆ ಮೂವತ್ತರಲ್ಲಿ ಇಪ್ಪತ್ತಾರು. ಅಂಕಿ ತಿರುಗಿಸಿದ್ದಕ್ಕೆ ಎರಡು ಹೋಗಿತ್ತು, ತಾಳೆಯಾಗದ್ದಕ್ಕೆ ಎರಡು. "ಪೆನ್ಸಿಲಲ್ಲೇ ಬಿಟ್ಟಿದ್ರೆ ಮೂವತ್ತೈದಕ್ಕೆ ನಿಲ್ತಿತ್ತು ಅಕ್ಕ," ಅಂದರು. ಚಿಕ್ಕ ಯಜಮಾನಿ ಮಾತಿಗೆ ತಪ್ಪಲಿಲ್ಲ. ಹಾಳೆ ನೋಡಿ, "ಸೋಮವಾರದಿಂದ ಆ ಮೇಜಿಗೆ ಹೋಗಿ. ಡ್ರಾಯರು ರಿಪೇರಿ ಮಾಡಿಸ್ಲಾ?" ಅಂತ ಕೇಳಿದಳು. ಬೇಡ, ನನಗೆ ಅಭ್ಯಾಸ ಇದೆ ಅಂದಳು ಬಿಲ್ಲಕ್ಕ.

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಭಾನುವಾರ ಬೆಳಗ್ಗೆ ಹೋದಳು. ಅತ್ತೆ ಮಂಚದ ಮೇಲೆ ಒಣಗಿದ ಬಟ್ಟೆ ರಾಶಿ ಹಾಕಿಕೊಂಡು ಮಡಚುತ್ತಿದ್ದರು. ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು. ಪಾಸಾದೆ ಅಂದಾಗ ಅತ್ತೆ ಎದ್ದು ಬಂದು ಅವಳ ಗಲ್ಲ ಹಿಡಿದರು. ಮಾವ ತಲೆಯಾಡಿಸಿದರು.

"ತಾಳೆ ಆಯ್ತಾ?"

ಆಯ್ತು ಅನ್ನಬಹುದಿತ್ತು. ನೋಡಿದವರು ಯಾರು? ಆದರೆ ಆ ಮನುಷ್ಯನ ಮುಂದೆ ಅವಳ ಬಾಯಿಗೆ ಸುಳ್ಳು ಬರಲಿಲ್ಲ.

"ಇಲ್ಲ ಮಾವ. ಐನೂರ ನಲವತ್ತು ಉಳೀತು. ಹಾಗೇ ಇಂಕು ಹಾಕಿ ಕೊಟ್ಟುಬಿಟ್ಟೆ."

"ಒಂಬತ್ತಕ್ಕೆ ಹೋಗುತ್ತೆ," ಅಂದರು ಮಾವ.

"ಹೂಂ. ಬಸ್ಸಲ್ಲಿ ಸಿಕ್ತು. ನನ್ನ ಮೇಲೆ ಕೋಪಾನಾ ಮಾವ?"

"ಕೋಪ ಯಾಕೆ? ನಾನೂ ಕೂತಿದ್ದೆ ಆ ಪರೀಕ್ಷೆಗೆ. ಮೂರು ಸಲ."

ಅತ್ತೆಯ ಕೈಯಲ್ಲಿದ್ದ ಟವೆಲ್ಲು ಅಲ್ಲೇ ನಿಂತಿತು. "ಯಾವಾಗ?"

"ಅಂಗಡಿ ಸೇರಿದ ಹೊಸದರಲ್ಲಿ. ಮಾಲು ತರೋಕೆ ಹೋಗ್ತೀನಿ ಅಂತ ನಿನಗೆ ಹೇಳಿ ಹೋಗ್ತಿದ್ದೆ."

"ಅಲ್ಲಾ, ಇಷ್ಟು ವರ್ಷ ಸಂಸಾರ ಮಾಡಿ ನನಗೊಂದು ಮಾತು ಹೇಳಲಿಲ್ವಲ್ಲ," ಅಂದರು ಅತ್ತೆ, ಜಗಳದ ದನಿಯಲ್ಲಲ್ಲ.

"ಹೇಳೋದಕ್ಕೇನಿತ್ತು? ಮೂರು ಸಲವೂ ಕೊನೇದು ತಾಳೆ ಆಗ್ಲಿಲ್ಲ. ಪೆನ್ಸಿಲಲ್ಲೇ ಕೊಟ್ಟು ಬಂದೆ. ತಪ್ಪಿಗೆ ಇಂಕು ಹೇಗೆ ಹಾಕೋದು?" ಮಾವ ಬಿಲ್ಲಕ್ಕನ ಕಡೆ ತಿರುಗಿದರು. ಮಂಜುಗಣ್ಣು ಅವಳ ಮುಖ ಹುಡುಕಿತು. "ನೀನು ಹಾಕಿದೆಯಲ್ಲ. ಅದಕ್ಕೆ ಎಷ್ಟು ಕಳೆದ್ರು?"

ಒಂದೂವರೆ ವರ್ಷ ಅವಳು ನುಂಗಿಕೊಂಡಿದ್ದ ಮಾತು ಅದು. ಬಿಲ್ಲಕ್ಕ ಅತ್ತೆಯ ಕಡೆ ನೋಡಿದಳು. ಅತ್ತೆಯೂ ಅವಳನ್ನೇ ನೋಡುತ್ತಿದ್ದರು.

"ಎರಡು, ಮಾವ."

"ಇಪ್ಪತ್ತೆರಡಾ?"

"ಇಲ್ಲ. ಎರಡು. ತಾಳೆಗೆ ಇರೋದೇ ಅಷ್ಟು."

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಕೂತರು. ಹೊರಗೆ ಯಾರೋ ಗೇಟು ತೆಗೆದು ಹಾಕಿದ ಸದ್ದಾಯಿತು.

"ಮೂರೆರಡ್ಲ ಆರು," ಅಂದರು.

ಬಿಲ್ಲಕ್ಕ ಎದ್ದು ಹೋಗಿ ಅತ್ತೆಯ ಎದುರು ಕೂತು, ಅವರು ಮಡಚಲು ಎತ್ತಿಕೊಂಡ ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡಳು.