ಖಾಸಿಂ ಬೀಯ ಗುಳಿಗಿ

“ಬಾಗಲ ಬಿಟ್ಟು ದೂರ ನಿಂದ್ರಬೇ! ಗುಳಿಗಿ ಬಂದಿಲ್ಲಂದ್ರ ಬಂದಿಲ್ಲ. ನಿನ್ನ ಗೆಳತಿ ಬಿದ್ಲಂದ್ರ ನಾ ಏನ್ ಹೊಡದು ಕೆಡವೀನೇನು?”

ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಕೊಡುವ ಪಂಪಾಪತಿ ಬೈಯುತ್ತಲೇ ಕಿಟಕಿ ಹಾಕಿದ. ಗೋಪಮ್ಮ ಮೆಟ್ಟಿಲಿಳಿದು ನಿಂತಳು. ಎಪ್ಪತ್ತು ದಾಟಿದ ಅವಳಿಗೂ ಖಾಸಿಂ ಬೀಗೂ ಬಿಪಿ. ಪ್ರತಿ ಗುರುವಾರ ಇಬ್ಬರೂ ಇಲ್ಲಿಗೆ ಬಂದು, ಗುಳಿಗೆ ಸಿಗುವ ತನಕ ಬೇವಿನ ನೆರಳಲ್ಲಿ ಎಲೆಯಡಿಕೆ ಹಂಚಿಕೊಂಡು ಕೂಡುತ್ತಿದ್ದರು. ಮಾದರ ಓಣಿಯ ಗೋಪಮ್ಮನಿಗೆ ಬೇರೆ ನೆಂಟಸ್ತಿಕೆ ಉಳಿದಿರಲಿಲ್ಲ.

ಒಂದು ತಿಂಗಳಿಂದ ಗುಳಿಗೆ ಇಲ್ಲ. ನಿನ್ನೆ ಗೌಡನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಖಾಸಿಂ ಬೀ ಕೆಸರಿಗೆ ಮುಖ ಕೊಟ್ಟು ಬಿದ್ದಳು. ಎತ್ತಿದಾಗ ಬಾಯಿ ಸೊಟ್ಟಗಾಗಿತ್ತು.

“ಆ ರಂಡೀನ ಬದುವಿಗೆ ಎಳದು ಸಾಲು ಮುಗಸ್ರಿ” ಎಂದಿದ್ದ ಗೌಡ.

ಗೋಪಮ್ಮ ಸಾಲು ಮುಗಿಸಿದ್ದಳು.

ಪಂಪಾಪತಿ ಚೀಲ ಹಿಡಿದು ಹೊರಬಂದು ಬೈಕು ಹತ್ತಿದ.

“ಒಮ್ಮಿ ಬಂದು ನೋಡ್ರಿ ಯಪ್ಪಾ. ಚಾಪಿ ಮ್ಯಾಲ ಹಂಗ ಬಿದ್ದಾಳ.”

“ರಾಯಚೂರಿಗೆ ಒಯ್ಯಿ. ನನಗ ಗೌಡ್ರ ಅವ್ವಗ ಗುಳಿಗಿ ಕೊಟ್ಟು ಬರೂದದ.”

ಅವನ ಕೈಯ ಚೀಲದಿಂದ ಹಸಿರು ಗೆರೆಯ ಪಟ್ಟಿಗಳು ಇಣುಕುತ್ತಿದ್ದವು. ಓದು ಬಾರದಿದ್ದರೂ ತಮಗಿಬ್ಬರಿಗೂ ಕೊಡುತ್ತಿದ್ದ ಆ ಗುಳಿಗೆಯ ಗುರುತು ಗೋಪಮ್ಮನಿಗಿತ್ತು. ಬೈಕು ಹೋಯಿತು. ಅವಳು ಹಿಂದೆಯೇ ನಡೆದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಗೌಡನ ಮನೆಯಲ್ಲಿ ಐವತ್ತು ವರ್ಷ ಅವಳು ಕಂಡದ್ದು ಹಿತ್ತಲು ಮಾತ್ರ. ಇವತ್ತು ತಲಬಾಗಿಲಿನಿಂದಲೇ ಒಳಗೆ ಹೋದಳು. ಪಡಸಾಲೆಯ ಮಂಚದ ಮೇಲೆ ಗೌಡನ ತಾಯಿ ಬಾತ ಕಾಲು ಚಾಚಿ ಒಬ್ಬಳೇ ಕೂತಿದ್ದಳು. ಗೌಡ, ಪಂಪಾಪತಿ ಎದುರಿನ ಕುರ್ಚಿಗಳಲ್ಲಿ ಚಾ ಕುಡಿಯುತ್ತಿದ್ದರು.

“ಸ್ವಲ್ಪ ಸರಿ ಯವ್ವಾ.”

ಮುದುಕಿ ಯಾರೆಂದು ನೋಡುವ ಮೊದಲೇ ಸರಿದುಬಿಟ್ಟಳು. ಗೋಪಮ್ಮ ಮಂಚದ ಮೇಲೆ ಕೂತಳು.

“ಏ ಹಲ್ಕಟ್ ಮುದುಕಿ! ಎಲ್ಲಿ ಕುಂತೀ? ಏಳಲೇ!” ಗೌಡ ಎದ್ದು ನಿಂತ.

“ಖಾಸಿಂ ಬೀನ ರಾಯಚೂರಿಗೆ ಒಯ್ಬೇಕು. ನಿನ್ನ ಕಾರು ತೆಗಿ ಗೌಡ. ಅಲ್ಲೀತನ ಏಳಂಗಿಲ್ಲ.”

ಗೌಡ ಚಪ್ಪಲಿ ಎತ್ತಿದ. ಎಸೆದರೆ ತಾಯಿಗೆ ತಾಕುತ್ತಿತ್ತು. “ಎಳದು ಹಾಕಲೇ ಇಕಿನ್ನ” ಎಂದ. ಪಂಪಾಪತಿ ಎರಡು ಹೆಜ್ಜೆ ಬಂದು ನಿಂತ. ಅವಳನ್ನು ಎಬ್ಬಿಸಬೇಕೆಂದರೆ ಮುಟ್ಟಬೇಕಿತ್ತು. ಅವನು ಗೌಡನ ಮುಖ ನೋಡಿದ. ಗೌಡ ಅವನ ಮುಖ ನೋಡಿದ.

ಗೋಪಮ್ಮ ಧೂಳು ಮೆತ್ತಿದ ಎರಡೂ ಕಾಲುಗಳನ್ನು ಎತ್ತಿ ಹಾಸಿಗೆಯ ಮೇಲೆ ಇಟ್ಟುಕೊಂಡಳು.