ಬಿಸಿನೀರಿಗೆ ಬಿಟ್ಟ ಬಣ್ಣ

ಹೋಗುತ್ತಿಲ್ಲ, ತೊಡೆಯ ಹತ್ತಿರದ ಎಲಾಸ್ಟಿಕ್ ಮಡಿಕೆಯೊಳಗೆ ಕಂದು ಬಣ್ಣ ಇನ್ನೂ ಹಾಗೇ ಕೂತಿದೆ, ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದೆ, ಸೋಪು ತಿಕ್ಕಿದೆ, ಉಗುರಿನಿಂದ ಕೆರೆದೆ, ಕೆರೆದದ್ದು ಈಗ ನನ್ನ ಉಗುರಿನ ಸಂದಿಗೆ ಬಂದು ಸೇರಿದೆ, ಮೂಸಬಾರದಿತ್ತು, ಮೂಸಿದೆ — ಮೇಣ, ಹಳಸಿದ ಲಿಪ್‌ಸ್ಟಿಕ್ಕು, ಅದರ ಅಡಿಯಲ್ಲಿ ಶನಿವಾರದ ಆ ಬಿಸಿನೀರಿನ ಕೊಳದ ಬೇಯಿಸಿದ ಮೊಟ್ಟೆಯ ವಾಸನೆ. ನನ್ನ ಎಂಟು ವರ್ಷದ ಮಗಳ ಈಜುಡುಗೆ ಇದು, ನೀಲಿ, ಎದೆಯ ಮೇಲೆ ಹಳದಿ ಮೀನು, ಇವತ್ತಿನಿಂದ ಶಾಲೆಯಲ್ಲಿ ಸ್ವಿಮ್ಮಿಂಗ್ ಕ್ಲಾಸು, ಅಷ್ಟರೊಳಗೆ ಒಣಗಬೇಕು, ಒಣಗದಿದ್ದರೆ ಹೇರ್ ಡ್ರೈಯರ್ ಹಿಡಿಯಬೇಕು, ಫೋನ್ ಹೊಡೆದುಕೊಳ್ಳುತ್ತಿದೆ, ಕೈ ತುಂಬ ನೊರೆ, ಈ ಹೊತ್ತಿನಲ್ಲಿ ಯಾರೆಂದು ಗೊತ್ತು, ಮೆಲ್ಬರ್ನಿನಿಂದ ಅನಸೂಯಕ್ಕ, ನನ್ನ ಗಂಡ ಇಂದ್ರೇಶ್ ಅವರ ಅಕ್ಕ, ಇವರು ಆಫೀಸಿನ ಟ್ರೇನಿಗೆ ಓಡಿದ ಮೇಲೆ ನನ್ನ ಹತ್ತಿರ ಮಾತಾಡುವುದಕ್ಕೆ ಅಂತಲೇ ಕಾದು ಮಾಡುತ್ತಾರೆ, ಬಡಿದುಕೊಳ್ಳಲಿ, ಎತ್ತುವುದಿಲ್ಲ, ನಿಂತಿತು. ಅಡುಗೆಮನೆಯಲ್ಲಿ ಚಮಚದ ಸದ್ದು, ಪ್ರಾರ್ಥನಾ ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದಾಳೆ, ತಿನ್ನುತ್ತಿಲ್ಲ, ಕಲಕುತ್ತಿದ್ದಾಳೆ, ಶನಿವಾರದಿಂದ ಈ ಹುಡುಗಿ ಏನನ್ನೂ ಕೇಳಿಲ್ಲ, ವಿಮಾನದ ರೆಕ್ಕೆ ಯಾಕೆ ಅಲುಗುತ್ತದೆ, ಮೋಡಕ್ಕೆ ತೂಕ ಇದೆಯೇ ಎಂದು ನನ್ನ ತಲೆ ತಿನ್ನುವವಳು ನಿನ್ನೆ ಸಂಜೆ ಸಿಡ್ನಿಯಲ್ಲಿ ಇಳಿಯುವವರೆಗೂ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು, ಬಾಯಲ್ಲಿ ಏನನ್ನೋ ಇಟ್ಟುಕೊಂಡ ಹಾಗೆ, ನುಂಗಲಾರದೆ, ಉಗುಳಲಾರದೆ. ಬಿಡು ನೀಲಾ, ಮಕ್ಕಳು ಮರೀತಾರೆ, ಅಂದರು ಇಂದ್ರೇಶ್, ಸೀಟ್ ಹಿಂದಕ್ಕೆ ಮಾಡಿ ಕಣ್ಣು ಮುಚ್ಚಿಕೊಂಡರು. ನೀರು ಬದಲಿಸಬೇಕು, ಬರದ ವರ್ಷ, ಕಾರು ತೊಳೆಯುವಂತಿಲ್ಲ, ಗಿಡಕ್ಕೆ ಪೈಪು ಹಿಡಿಯುವಂತಿಲ್ಲ, ಈ ಒಂದು ಅಂಗೈಯಗಲದ ಬಟ್ಟೆಗೆ ನಾನು ಎಷ್ಟು ನೀರು ಸುರಿದೆ.

ಎರಡು ವರ್ಷದ ಹಿಂದೆ ಅವಳ ಎಡಮಂಡಿಯ ಮೇಲೆ ಒಂದು ಅವಲಕ್ಕಿಯಷ್ಟು ಬಿಳಿ, ಆಮೇಲೆ ಬಲಮಂಡಿ, ಆಮೇಲೆ ಮೊಣಕೈ, ವೆಸ್ಟ್‌ಮೀಡ್ ಆಸ್ಪತ್ರೆಯ ಡಾಕ್ಟರು ಅವಳ ಕಾಲನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ನೋಡಿದರು, ನೋಯುವುದಿಲ್ಲ, ಯಾರಿಗೂ ಅಂಟುವುದಿಲ್ಲ, ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿ, ಆಡಿಕೊಂಡಿರಲಿ ಎಂದರು. ತೊನ್ನು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿಲ್ಲ, ಇಂದ್ರೇಶ್ ಸ್ಕಿನ್ ಇಶ್ಯೂ ಅನ್ನುತ್ತಾರೆ, ಅನಸೂಯಕ್ಕ ಅದು ಅನ್ನುತ್ತಾರೆ, ಪ್ರಾರ್ಥನಾ ಮಾತ್ರ ಶಾಲೆಯ ಅಟ್ಲಾಸ್ ತೆರೆದು ಎಡಮಂಡಿಯನ್ನು ಪುಟದ ಪಕ್ಕಕ್ಕಿಟ್ಟು, ಅಮ್ಮಾ ಲುಕ್, ಐ ಹ್ಯಾವ್ ಟ್ಯಾಸ್ಮೇನಿಯಾ ಆನ್ ಮೈ ನೀ ಎಂದು ಕುಣಿದಿದ್ದಳು, ನಿಜಕ್ಕೂ ಹಾಗೇ ಇತ್ತು, ಕೆಳಗೆ ಚೂಪಾಗಿ, ಮೇಲೆ ಅಗಲವಾಗಿ, ನಾನು ಆ ದ್ವೀಪಕ್ಕೆ ಮುತ್ತು ಕೊಟ್ಟಿದ್ದೆ. ಮುತ್ತು ಕೊಟ್ಟವಳೇ ಆ ಬಿಳಿಯನ್ನು ಮುಚ್ಚುವ ಕಂದು ಕ್ರೀಮಿನ ಟ್ಯೂಬು ತಂದಿದ್ದು. ಶಾಲೆಗೆ ಹಚ್ಚುವುದಿಲ್ಲ, ಎಪ್ಪಿಂಗಿನ ಅಂಗಡಿಗೆ, ಪಾರ್ಕಿಗೆ ಹಚ್ಚುವುದಿಲ್ಲ, ಕನ್ನಡದವರ ಮನೆಯ ಹುಟ್ಟುಹಬ್ಬ, ಯುಗಾದಿಯ ಊಟ ಅಂದರೆ ಮಾತ್ರ ಸ್ಪಂಜು ತೆಗೆದುಕೊಂಡು ಮಗುವಿನ ಮುಂದೆ ಮಂಡಿಯೂರುತ್ತೇನೆ, ಬೇರೆಯವರು ನೋಡಿದರೆ ಪರವಾಗಿಲ್ಲ, ನಮ್ಮವರು ನೋಡಬಾರದು — ಥೂ, ಉಗುರಿನದು ಇನ್ನೂ ಹೋಗಿಲ್ಲ.

ಶನಿವಾರದ್ದು ಅನಸೂಯಕ್ಕನ ಏರ್ಪಾಡು, ಬೆಳಿಗ್ಗೆ ಗುಡ್ಡ ಹತ್ತುವುದು, ಮಧ್ಯಾಹ್ನ ಭೂಮಿಯೊಳಗಿನಿಂದ ಬರುವ ಬಿಸಿನೀರಿನ ಕೊಳ, ಮಿನಿಬಸ್ಸು, ಗೈಡು, ಎಲ್ಲ ಒಟ್ಟಿಗೇ ಬುಕ್ ಮಾಡಿದೀನಿ ಅಂತ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ್ದರು, ಮಗಳು ಶ್ರೀವಿದ್ಯಾಗೆ ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲೇ ಇರುವ ಯತೀಶ್ ಎಂಬ ಹುಡುಗ, ಹುಡುಗನ ತಾಯಿ ಲಕ್ಷ್ಮಮ್ಮ ದಾವಣಗೆರೆಯಿಂದ ಬಂದಿದ್ದಾರೆ, ನೋಡೋ ಶಾಸ್ತ್ರ ಅನ್ನಿಸಬಾರ್ದು ನೀಲಾ, ಸುಮ್ನೆ ಟ್ರಿಪ್ ಥರ ಇರ್ಲಿ, ನೀವೂ ಬಂದ್ರೆ ನಮ್ಮ ಕಡೆ ನಾಲ್ಕು ಜನ ಅನ್ನಿಸುತ್ತೆ, ಆಮೇಲೆ ದನಿ ಇಳಿಸಿ, ಪುಟ್ಟಿಗೆ ಸರಿಯಾಗಿ ಹಚ್ಕೊಂಡು ಬಾರೇ, ನಮ್ಮ ಮನೇಲಿ ಅದು ಇದೆ ಅಂತ ಗೊತ್ತಾದ್ರೆ ನನ್ನ ಮಗಳನ್ನ ಯಾರು ಮಾಡ್ಕೋತಾರೆ. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ, ಅಯ್ಯೋ ಅಕ್ಕ, ಅದೇನು ಹೇಳಬೇಕಾ ಅಂದೆ. ಗುಡ್ಡ ಚೆನ್ನಾಗಿತ್ತು, ಅದೂ ಈಗ ಹೊಲಸಾಗಿ ನೆನಪಾಗುತ್ತಿದೆ, ನೀಲಗಿರಿ ಮರಗಳ ಸಿಪ್ಪೆ ಸುಲಿದು ನೇತಾಡುತ್ತಿತ್ತು, ಒಳಗೆ ಬಿಳಿ, ಪ್ರಾರ್ಥನಾ ಮರ ಮುಟ್ಟಿ ಮುಟ್ಟಿ ನನ್ನ ಮುಖ ನೋಡಿದಳು, ನಾನು ಕಂಡೂ ಕಾಣದ ಹಾಗೆ ಮುಂದೆ ನಡೆದೆ, ಗೈಡ್ ಹುಡುಗಿ ತೋಳಿಲ್ಲದ ಅಂಗಿ ಹಾಕಿಕೊಂಡು ಆಡಿನ ಹಾಗೆ ಹತ್ತುತ್ತಿದ್ದಳು, ಲಕ್ಷ್ಮಮ್ಮನವರು ಸೀರೆ ಎತ್ತಿ ಸಿಕ್ಕಿಸಿ, ಮಗನ ಬೂಟು ಹಾಕಿಕೊಂಡು, ಇನ್ನ ಎಷ್ಟು ದೂರ ಐತವ್ವ ಅನ್ನುತ್ತ, ಮೇಲೆ ತಲುಪಿದ ಮೇಲೆ ಸೊಂಟಕ್ಕೆ ಕೈಯಿಟ್ಟು ಸುತ್ತ ನೋಡಿ, ನಮ್ಮ ಕಡೆ ಗುಡ್ಡ ಹತ್ತಿದ್ರೆ ತುದ್ಯಾಗೆ ಒಬ್ಬ ದೇವ್ರಾದ್ರೂ ಇರ್ತಾನೆ, ಇಲ್ಲಿ ಬರೇ ಕಾರ್ ನಿಲ್ಸಾ ಜಾಗ ಐತಲ್ಲೋ ಯತೀಶ, ಕಾರಲ್ಲೇ ಬರಬಹುದಿತ್ತಲ್ಲೋ! ಎಲ್ಲರೂ ನಕ್ಕೆವು, ನಾನು ನಿಜವಾಗಿ ನಕ್ಕೆ, ಒಳ್ಳೆಯ ಹೆಂಗಸು ಅನ್ನಿಸಿತು, ತಮ್ಮ ಡಬ್ಬಿಯ ಚಿತ್ರಾನ್ನವನ್ನು ಪ್ರಾರ್ಥನಾಗೆ ಕೈಯಾರೆ ತಿನ್ನಿಸಿದರು, ಕೂಸು ಏನ್ ಲಕ್ಷಣವಾಗೈತೆ ಅಂದರು, ಅನಸೂಯಕ್ಕ ನನ್ನ ಕಡೆ ನೋಡಿ ಉಸಿರು ಬಿಟ್ಟರು.

ಕೊಳಕ್ಕೆ ಇಳಿಯುವುದು ಬೇಡ, ಪಕ್ಕದಲ್ಲಿ ಕೂತಿರಲಿ ಎಂದು ಮಾತಾಗಿತ್ತು, ಆದರೂ ಲೆಗ್ಗಿಂಗ್ಸ್ ಹಾಕಿಕೊಂಡು ಒಳಗೆ ಬರುವಂತಿಲ್ಲ, ಮಕ್ಕಳಿಗೆ ಈಜುಡುಗೆ ಮಾತ್ರ ಎಂದು ಬೋರ್ಡು, ಬಟ್ಟೆ ಬದಲಿಸುವ ಕೋಣೆಯಲ್ಲಿ ಲೆಗ್ಗಿಂಗ್ಸ್ ತೆಗೆದರೆ ಬೆವರಿಗೆ ಕ್ರೀಮೆಲ್ಲ ಬಟ್ಟೆಗೆ ಮೆತ್ತಿಕೊಂಡಿದೆ, ಟ್ಯಾಸ್ಮೇನಿಯಾ ಅರ್ಧ ಹೊರಗೆ ಬಂದಿದೆ, ಅನಸೂಯಕ್ಕ ಬಾಗಿಲಿನ ಚಿಲಕ ಹಾಕಿ ತಾವೂ ಕೂತರು, ಅವರಿಗೆ ಒಂದು ಮಂಡಿ, ನನಗೆ ಒಂದು ಮಂಡಿ, ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿದೆವು, ಒಂದು ಪದರ, ಮೇಲೆ ಇನ್ನೊಂದು, ಅದರ ಮೇಲೆ ಅವರ ಸ್ವಂತ ಪೌಡರು, ಒದ್ದೆ ನೆಲ, ಮೂಲೆಯಲ್ಲಿ ಯಾರದೋ ಕೂದಲಿನ ಉಂಡೆ, ಪ್ರಾರ್ಥನಾ ನಮ್ಮಿಬ್ಬರ ತಲೆಯ ಮೇಲೆ ಒಂದೊಂದು ಕೈ ಇಟ್ಟುಕೊಂಡು ನಿಂತಿದ್ದಳು, ಇಟ್ ಟಿಕಲ್ಸ್ ಅಂದಳು, ಅಷ್ಟೇ. ಹೊರಗೆ ಕೊಳ, ಊರಿನ ಜನರೆಲ್ಲ ಸ್ನಾನ ಮಾಡಿ ಬಿಟ್ಟಂಥ ಬೆಚ್ಚಗಿನ ನೀರು, ಮೇಲೆ ಹಬೆ, ಅಂಚಿನಲ್ಲಿ ಯಾರದೋ ಗಾಯದ ಪಟ್ಟಿ ತೇಲುತ್ತಿದೆ, ಬೆನ್ನ ತುಂಬ ಕೂದಲಿರುವ ಒಬ್ಬ ಮುದುಕ ಬಾಯಿ ತೆರೆದುಕೊಂಡು ಒರಗಿದ್ದಾನೆ, ಅದರಲ್ಲೇ ಆ ಕೊನೆಯಲ್ಲಿ ಇಂದ್ರೇಶ್ ಮತ್ತು ಯತೀಶ್ ಕುತ್ತಿಗೆವರೆಗೆ ಮುಳುಗಿ ಮಾರ್ಟ್‌ಗೇಜ್ ಮಾತಾಡುತ್ತಿದ್ದಾರೆ, ಲಕ್ಷ್ಮಮ್ಮನವರು ಅಂಚಿನ ಕಲ್ಲಿನ ಮೇಲೆ ಕೂತು ಸೀರೆ ಮಂಡಿಯವರೆಗೆ ಎತ್ತಿ ಕಾಲು ಇಳಿಬಿಟ್ಟುಕೊಂಡು, ಆಹಾ ಎಷ್ಟು ಹಿತವಾಗೈತೆ, ಬಾರವ್ವ ಕೂಸೆ, ನೀ ಯಾಕ್ ದೂರ ಕುಂತಿ, ಇಳಿ, ನಾ ಹಿಡ್ಕಂತೀನಿ. ಬೇಡಿ ಅವಳಿಗೆ ಶೀತ ಆಗುತ್ತೆ ಎಂದು ಅನಸೂಯಕ್ಕ ಅನ್ನುವುದರೊಳಗೆ ಪ್ರಾರ್ಥನಾ ಇಳಿದಾಗಿತ್ತು, ಪ್ರೀತಿಯಿಂದ ಕರೆದರಲ್ಲ, ಇಳಿದಳು, ನನ್ನ ಕಡೆ ತಿರುಗಿ ನಕ್ಕಳು, ಇಟ್ಸ್ ಸೋ ವಾರ್ಮ್ ಅಮ್ಮಾ, ಆಮೇಲೆ ನೀರಿನೊಳಗೆ ಅವಳ ಮಂಡಿಯಿಂದ ಬಣ್ಣ ಹೊರಟಿತು, ಮೊದಲು ಒಂದು ಎಳೆ, ಹೊಗೆಯ ಹಾಗೆ ಸುರುಳಿ ಸುರುಳಿ, ಆಮೇಲೆ ಮೋಡ, ತೆಳು ಕಂದು ಮೋಡ, ಅವಳ ಕಾಲ ನಡುವಿನಿಂದ ಎದ್ದು ಬಂದ ಹಾಗೆ, ಮೆಲ್ಲಗೆ, ಲಕ್ಷ್ಮಮ್ಮನವರ ಪಾದದ ಕಡೆಗೆ. ಶಿವನೇ, ಏನಿದು, ಎಂಥ ಅಸಹ್ಯ, ಎಂದು ಕಾಲು ಎಳೆದುಕೊಂಡರು, ಸೆರಗು ಮೂಗಿಗೆ ಹೋಯಿತು, ಮುದುಕ ಎದ್ದ, ಅವನ ಹಿಂದೆ ಇಬ್ಬರು ಹುಡುಗಿಯರು, ಓ ಗಾಡ್, ಓ ಗ್ರೋಸ್, ನೀರು ಸುರಿಸಿಕೊಂಡು ಒಬ್ಬೊಬ್ಬರೇ ಹತ್ತಿದರು, ಆ ಕೊನೆಯಿಂದ ಯತೀಶ್, ಇಂದ್ರೇಶ್ ಕೂಡ, ಕೊಳ ಖಾಲಿ, ನಡುವೆ ನನ್ನ ಮಗಳು ಒಬ್ಬಳೇ.

ಒಂದು ಮಾತು ಸಾಕಿತ್ತು, ಮೇಕಪ್ಪು, ಕ್ರೀಮು, ಸನ್‌ಸ್ಕ್ರೀನ್ ಅಂದಿದ್ದರೂ ನಡೆಯುತ್ತಿತ್ತು, ಅನಸೂಯಕ್ಕ ಆಗಲೇ ದೊಡ್ಡ ಟವಲು ಹಿಡಿದು ಧಾವಿಸಿದ್ದರು, ಅವಳನ್ನು ಎತ್ತಿ ಸೊಂಟದಿಂದ ಹಿಮ್ಮಡಿಯವರೆಗೆ ಸುತ್ತಿ, ಒಂದು ಬೆರಳೂ ಕಾಣದ ಹಾಗೆ, ಪಾಪ ಮಗು, ಹೊಟ್ಟೆ ಕೆಟ್ಟಿತ್ತು ಬೆಳಿಗ್ಗೆಯಿಂದ, ಅಲ್ವೇನೇ ನೀಲಾ, ಅಂದರು. ಎಷ್ಟು ಬೇಗ ಹೊಳೆಯಿತು ಅವರಿಗೆ. ಬಿಳಿ ಚರ್ಮ ಕಾಣುವುದಕ್ಕಿಂತ ಮಗು ನೀರಿನಲ್ಲಿ ಹೇತಿತು ಅನ್ನುವುದು ಮೇಲು, ಯೋಚಿಸಿ ಹೇಳಿದ್ದಲ್ಲ, ಉಸಿರಾಡಿದ ಹಾಗೆ ಬಂತು. ಗೈಡ್ ಹುಡುಗಿ ಓಡಿ ಬಂದು ಕುಕ್ಕುರುಗಾಲಿನಲ್ಲಿ ಕೂತು ನನ್ನನ್ನೇ ಕೇಳಿದಳು, ಈಸ್ ಶಿ ಓಕೆ ಮಮ್, ಡಿಡ್ ಶಿ ಹ್ಯಾವ್ ಆನ್ ಆಕ್ಸಿಡೆಂಟ್, ತಡೆಯಲಾಗದೆ ನೀರಿನಲ್ಲೇ ಆಗಿಹೋಯಿತೇ ಎಂದು, ಪ್ರಾರ್ಥನಾ ಟವಲಿನೊಳಗಿನಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಭಯ ಇರಲಿಲ್ಲ ಆ ಕಣ್ಣಲ್ಲಿ, ಕಾಯುತ್ತಿದ್ದಳು, ಅಮ್ಮ ಈಗ ಹೇಳುತ್ತಾಳೆ ಎಂಬ ನೆಮ್ಮದಿಯಿಂದ ಕಾಯುತ್ತಿದ್ದಳು, ನಾನು ತಲೆಯಾಡಿಸಿದೆ, ಹೌದು ಎಂದು. ನೋ ವರೀಸ್ ಡಾರ್ಲ್, ಹ್ಯಾಪನ್ಸ್ ಆಲ್ ದ ಟೈಮ್, ಎಂದು ಆ ಹುಡುಗಿ ಅವಳ ಕೆನ್ನೆ ಸವರಿದಳು, ಇಬ್ಬರು ಗಂಡಸರು ಬಂದು ಕೊಳಕ್ಕೆ ಹಗ್ಗ ಕಟ್ಟಿದರು, ಬಲೆ ಹಾಕಿ ನೀರಿನಲ್ಲಿ ಹುಡುಕಿದರು, ಇಲ್ಲದ್ದನ್ನು ಹುಡುಕಿದರು, ಬಲೆಗೆ ಸಿಕ್ಕಿದ್ದು ಯಾರದೋ ಗಾಯದ ಪಟ್ಟಿ, ಬಸ್ಸಿನಲ್ಲಿ ನಮ್ಮ ಸೀಟಿನ ಪಕ್ಕ ಯಾರೂ ಕೂರಲಿಲ್ಲ, ಲಕ್ಷ್ಮಮ್ಮನವರು ಮುಂದಿನಿಂದಲೇ ತಿರುಗಿ ಕನಿಕರದಿಂದ, ಕೂಸಿಗೆ ಒಂದ್ ಚಮಚ ಓಮಿನ ಕಾಳು ಕೊಡವ್ವ ಅಂದರು, ಕೊಡ್ತೀನಿ ಅಂದೆ, ಕೊಡ್ತೀನಿ ಎಂದು ಬೇರೆ ಅಂದೆ, ಈ ನಾಲಿಗೆಯನ್ನು ಯಾವ ಸೋಪಿನಿಂದ ಉಜ್ಜುವುದು.

ಮತ್ತೆ ಫೋನು, ಹೊಡೆದುಕೊಂಡು ಹೊಡೆದುಕೊಂಡು ಈ ಸಲ ಆನ್ಸರಿಂಗ್ ಮೆಷೀನು ತೆಗೆದುಕೊಂಡಿತು, ಹಾಲ್‌ನಲ್ಲಿ ಅನಸೂಯಕ್ಕನ ದನಿ ಗಟ್ಟಿಯಾಗಿ ಬರುತ್ತಿದೆ, ನೊರೆ ಒರೆಸಿಕೊಂಡು ಓಡಿ ಆರಿಸಬೇಕು, ಟವಲು ಹುಡುಕುತ್ತೇನೆ — ನೀಲಾ, ಎಲ್ಲಿ ಹಾಳಾಗಿದ್ದೀಯೇ, ಒಪ್ಕೊಂಡ್ರು ಕಣೇ, ರಾತ್ರಿನೇ ಫೋನ್ ಮಾಡಿದ್ರು, ಹುಡುಗಿ ಬಲು ಇಷ್ಟ ಆಯ್ತಂತೆ, ನಿನ್ನ ಉಪಕಾರ ಮರೆಯಲ್ಲ, ಮೊದಲು ಅದನ್ನೇ ಕೇಳಿದ್ರು ನೋಡು, ಕೂಸಿನ ಹೊಟ್ಟೆ ಸರಿ ಹೋಯ್ತಾ ಅಂತ, ನಾನು ಹೋಯ್ತು ಅಂದೆ, ನಿಶ್ಚಿತಾರ್ಥಕ್ಕೆ ಪುಟ್ಟಿಗೆ ಉದ್ದ ಲಂಗ ಹೊಲಿಸ್ಬಿಡು, ಕ್ರೀಮಿನ ತಂಟೆನೇ ಇರಲ್ಲ — ಟಕ್ ಎಂದು ನಿಂತಿತು. ಚಮಚದ ಸದ್ದೂ ನಿಂತಿದೆ. ಎಷ್ಟು ಹೊತ್ತಿನಿಂದ ನಿಂತಿದ್ದಾಳೋ ಬಾಗಿಲಲ್ಲಿ, ಶಾಲೆಯ ಯೂನಿಫಾರ್ಮು, ಒಂದು ಕಾಲಿಗೆ ಸಾಕ್ಸು, ಕೈಯಲ್ಲಿ ಟ್ಯೂಬು, ಆ ಟ್ಯೂಬು, ನನ್ನ ಡ್ರಾಯರಿನಿಂದ ತಾನೇ ತೆಗೆದು ತಂದಿದ್ದಾಳೆ, ಶಾಲೆಗೆ ಎಂದೂ ಹಚ್ಚದ್ದನ್ನು, ಮುಚ್ಚಳ ತೆರೆದು ನನ್ನ ಕಡೆ ಹಿಡಿದಿದ್ದಾಳೆ, ಎಡಗಾಲು ಮುಂದೆ, ಟ್ಯಾಸ್ಮೇನಿಯಾ ಬೆಳಗಿನ ಬೆಳಕಿನಲ್ಲಿ ಎಷ್ಟು ಸ್ವಚ್ಛವಾಗಿದೆ, ಇವತ್ತು ಬೇಡ ಪುಟ್ಟಿ ಅನ್ನಬೇಕು, ಇನ್ನು ಯಾವತ್ತೂ ಬೇಡ ಅನ್ನಬೇಕು, ಟ್ಯೂಬು ಕಿತ್ತುಕೊಂಡು ಕಸಕ್ಕೆ ಎಸೆಯಬೇಕು, ಆದರೆ ಅವಳು ಕೇಳಲು ಬಂದಿದ್ದು ಅದಲ್ಲ, ಸಿಂಕಿನೊಳಗೆ ನೋಡುತ್ತಿದ್ದಾಳೆ, ನಾನೂ ನೋಡುತ್ತೇನೆ, ಹಳದಿ ಮೀನಿನ ಸುತ್ತ ನೀರಿನಲ್ಲಿ ಮೊದಲು ಒಂದು ಎಳೆ, ಸುರುಳಿ, ಆಮೇಲೆ ಮೋಡ, ಅದೇ ಕಂದು ಮೋಡ, ಮೆಲ್ಲಗೆ ನನ್ನ ಕೈಗಳ ಕಡೆಗೆ, ನನ್ನ ಕೈಗಳ ಕಡೆಗೆ ಕಂದು ಮೋಡ, ಮತ್ತು ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು, ಒಂದೊಂದೇ ಪದವನ್ನು ಹುಡುಕಿ ಜೋಡಿಸಿಕೊಂಡು, ನನ್ನ ಭಾಷೆಯಲ್ಲಿ, ಅಮ್ಮಾ, ನಾನು ನೀರಲ್ಲಿ ಕಕ್ಕ ಮಾಡ್ಲಿಲ್ಲ, ನಿಂಗೆ ಗೊತ್ತಿತ್ತಲ್ಲ, ಮತ್ತೆ ನೀನ್ಯಾಕೆ ಹೇಳ್ಲಿಲ್ಲ?