ಗಂಟಲಲ್ಲಿ ಹೊತ್ತಿದ ದೀಪ

ನನ್ನ ಮೈಯೊಳಗಿನ ಬೆಳಕು ನೋಡಲು ಒಂದು ದಿನ ಇಡೀ ಆಸ್ಪತ್ರೆಯೇ ಎದ್ದುಬಿದ್ದು ಓಡಿ ಬಂತು. ಸೂಜಿ ಹಿಡಿದ ನರ್ಸುಗಳು ಸೂಜಿ ಹಿಡಿದಂತೆಯೇ ಕಲ್ಲಾಗಿ ನಿಂತರು. ಲಿಫ್ಟು ಕೂಡ ನಮ್ಮ ಮಹಡಿ ಬಿಟ್ಟು ಇಳಿಯಲೊಲ್ಲೆ ಅಂದಿತು. ಇದರಲ್ಲಿ ಅರ್ಧ ಸುಳ್ಳು. ಬಂದವರು ಒಬ್ಬರೇ ಡಾಕ್ಟರು, ಅವರೂ ನಿಧಾನವಾಗಿ ನಡೆದುಕೊಂಡೇ ಬಂದರು. ಆದರೆ ಬೆಳಕು ಮಾತ್ರ ನಿಜ. ನನ್ನ ಕಣ್ಣಾರೆ ನೋಡಿದ್ದೇನೆ.

ಶುರುವಾದದ್ದು ಕೆಮ್ಮಿನಿಂದ. ಮನೆಗೆ ಬಂದ ನೆಂಟರ ಹಾಗೆ ಕೂತಿತು, ಏಳಲೇ ಇಲ್ಲ. ಎಕ್ಸ್‌ರೇ ತೆಗೆದರೆ ಎಡಗಡೆ ಶ್ವಾಸಕೋಶದಲ್ಲಿ ಅಂಗಿ ಗುಂಡಿಯಷ್ಟು ಒಂದು ಗಂಟು. ಸೂಜಿ ಚುಚ್ಚಿ ಚೂರು ತೆಗೆದು ನೋಡಿ, ಕೆಟ್ಟ ಗಂಟೇ ಅಂದರು. ಡಾಕ್ಟರು ನನಗೂ ಸೊಸೆಗೂ ಬಿಡಿಸಿ ಹೇಳಿದರು. ಅದು ಅಲ್ಲೊಂದೇ ಕಡೆ ಇದ್ದರೆ ಕತ್ತರಿಸಿ ತೆಗೆಯಬಹುದು. ಬೇರೆ ಕಡೆಗೂ ಕಾಲು ಚಾಚಿದ್ದರೆ ಕತ್ತರಿಸಿ ಪ್ರಯೋಜನವಿಲ್ಲ, ಆಗ ಕಾಯಿಲೆಯನ್ನು ಓಡಿಸುವ ಮಾತಿಲ್ಲ, ತಡೆದು ನಿಲ್ಲಿಸುವುದಷ್ಟೇ. ಎಲ್ಲಿದೆ, ಎಲ್ಲಿಲ್ಲ ಎಂದು ತಿಳಿಯಲು ಒಂದು ಸ್ಕ್ಯಾನ್ ಮಾಡಬೇಕು.

ನನ್ನ ಸೊಸೆ ಮೌನಗೌರಿ. ಮಾತು ಬೇಕಾದರೆ ಅವಳ ಬಾಯಿಗೆ ಇಕ್ಕಳ ಹಾಕಿ ಎಳೆಯಬೇಕು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು, ಒಂದು ಮಾತಿಲ್ಲ. ಇಬ್ಬರ ಮಾತನ್ನೂ ನಾನೇ ಆಡಿದೆ.

ಸ್ಕ್ಯಾನ್ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಬಾಗಿಲು ಎಷ್ಟು ಭಾರವೆಂದರೆ ಆನೆ ಬಂದು ತಳ್ಳಿದರೂ ಒಮ್ಮೆ ನಿಂತು ಸುಧಾರಿಸಿಕೊಳ್ಳಬೇಕು. ಸೊಸೆಯನ್ನು ಹೊರಗೇ ಕೂರಿಸಿದರು. ಒಳಗೆ ಸ್ಕ್ಯಾನ್ ಮಾಡುವ ಹೆಂಗಸು ಸೂಜಿಯನ್ನು ಸೀಸದ ದಪ್ಪ ಕವಚದಲ್ಲಿಟ್ಟು ತಂದಳು. ಅವಳಿಗೆ ನಾನು ಅಲ್ಲೇ ಸೀಸದ ರಾಣಿ ಅಂತ ಹೆಸರಿಟ್ಟೆ.

"ಇಷ್ಟೊಂದು ಕಾವಲು ಹಾಕಿದೀರಲ್ಲ, ಅದರೊಳಗೆ ಏನಿದೆ ಮಗಳೇ?"

"ಸಕ್ಕರೆ, ಅಜ್ಜಿ. ಸಕ್ಕರೆಗೆ ಒಂದು ಪುಟ್ಟ ದೀಪ ಕಟ್ಟಿದೀವಿ ಅಂದ್ಕೊಳ್ಳಿ. ಮೈಯಲ್ಲಿ ಯಾರಿಗೆ ಹಸಿವು ಜಾಸ್ತಿಯೋ ಅವರು ಬಾಚಿ ಬಾಚಿ ತಿಂತಾರೆ. ತಿಂದೋರು ನಮ್ಮ ಮಿಷನ್ನಿಗೆ ಹೊಳೆಯೋ ಹಾಗೆ ಕಾಣ್ತಾರೆ. ಕೆಟ್ಟ ಗಂಟಿಗೆ ಹೊಟ್ಟೆಬಾಕತನ."

"ಕದ್ದು ತಿನ್ನೋರನ್ನ ಹಿಡಿಯೋ ಮಿಷನ್ನು ಅನ್ನು! ನಮ್ಮ ಯಜಮಾನ್ರು ಇದ್ದಾಗ ಇದು ಮನೇಲಿದ್ದಿದ್ರೆ ನನಗೆ ಸಕ್ಕರೆ ಡಬ್ಬಿ ಕಾಯೋ ಕೆಲಸ ತಪ್ಪಿರೋದು."

ಅವಳು ನಕ್ಕಳು, ಚುಚ್ಚಿದಳು. ಆಮೇಲೆ ದಪ್ಪ ಕಂಬಳಿ ಹೊದಿಸಿ ಹೇಳಿದಳು: "ಈಗ ಒಂದು ಗಂಟೆ ಹೀಗೇ ಮಲಗಿರ್ಬೇಕು. ಕೈಕಾಲು ಆಡಿಸ್ಬಾರ್ದು, ಏನೂ ಅಗೀಬಾರ್ದು, ಮಾತಂತೂ ಆಡಲೇಬಾರ್ದು. ಕೆಲಸ ಮಾಡಿದ ಜಾಗಾನೂ ಸಕ್ಕರೆ ತಿನ್ನುತ್ತೆ."

"ಒಬ್ಬಳನ್ನೇ ಬಿಟ್ಟು ಹೋಗ್ತಿದೀಯ, ಗೋಡೆ ಹತ್ರ ಮಾತಾಡ್ಲಾ?"

"ಗೋಡೆ ಹತ್ರಾನೂ ಬೇಡ. ಕ್ಯಾಮೆರಾದಲ್ಲಿ ನೋಡ್ತಿರ್ತೀನಿ."

ಬಾಗಿಲು ಮುಚ್ಚಿಕೊಂಡಿತು. ಬಿಳಿ ಗೋಡೆ, ಮೂಲೆಯಲ್ಲಿ ಕ್ಯಾಮೆರಾದ ಒಂಟಿ ಕಣ್ಣು, ತಲೆಯ ಮೇಲೆ ಗಾಳಿ ಬಿಡುವ ಕಿಂಡಿ. ನನ್ನ ರಕ್ತದಲ್ಲಿ ಸಾವಿರ ದೀಪಗಳು ಹಸಿದವರನ್ನು ಹುಡುಕಿಕೊಂಡು ಹೊರಟಿವೆ ಎನ್ನುವುದು ನೆನಪಾಯಿತು. ಯಾವ ಬಾಗಿಲು ತಟ್ಟುತ್ತವೋ, ಯಾರ ಮನೆಯಲ್ಲಿ ಏನು ಕಾಣುತ್ತವೋ. ಹೆದರಿಕೆಯಾದಾಗ ನಾನು ಯಜಮಾನರ ಹತ್ತಿರ ಮಾತಾಡುತ್ತೇನೆ. ಅವರು ಹೋಗಿ ವರ್ಷಗಳಾದವು, ಅದು ಬೇರೆ ವಿಷಯ. ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು ಪಿಸುಗುಟ್ಟಿದೆ.

"ರೀ, ಕೇಳಿಸ್ತಾ? ನೋಡ್ರೀ ನನ್ನ ಗತಿ..."

ಅಷ್ಟೇ ಹೇಳಿ ನಿಲ್ಲಿಸಬೇಕೆಂದುಕೊಂಡಿದ್ದೆ. ಆದರೆ ಗಂಟಿನ ಸುದ್ದಿ ಹೇಳಿದ ಮೇಲೆ ಮಗನ ಸುದ್ದಿ ಬಿಡಲಾದೀತೇ? ಸೊಸೆ ಈಚೆಗೆ ರಾತ್ರಿ ಸರಿಯಾಗಿ ಉಣ್ಣುತ್ತಿಲ್ಲ ಎನ್ನುವುದು, ಪಕ್ಕದ ಮನೆಯವರು ಗೋಡೆಗೆ ಬಳಿದ ಬಣ್ಣ, ನನಗೆ ಇನ್ನೂ ಹೋಗುವ ಮನಸ್ಸಿಲ್ಲ ಎನ್ನುವುದು. ಸೀಸದ ರಾಣಿ ಬಾಗಿಲು ತೆಗೆದಾಗ ನಾನು ಬಣ್ಣದ ವಿಷಯಕ್ಕೆ ಎರಡನೇ ಸಲ ಬಂದಿದ್ದೆ.

ಮಿಷನ್ನು ಅಂದರೆ ರಾಕ್ಷಸಿ ಕೈಯಿಂದ ಕಳಚಿಬಿದ್ದ ಬಳೆ. ಕೈ ತಲೆಯ ಮೇಲೆತ್ತಿ ಮಲಗಿದೆ. ಹಲಗೆ ನನ್ನನ್ನು ಬಳೆಯೊಳಗೆ ಇಷ್ಟಿಷ್ಟೇ ಜರುಗಿಸಿತು. ಒಂದು ಯುಗ ಕಳೆದ ಮೇಲೆ ಹೊರಗೆ ಬಿಟ್ಟಿತು.

ಮಧ್ಯಾಹ್ನ ಡಾಕ್ಟರು ನನ್ನನ್ನೂ ಸೊಸೆಯನ್ನೂ ಪರದೆಯ ಮುಂದೆ ಕೂರಿಸಿದರು. ಆ ನೋಟವನ್ನು ಹೇಗೆ ಹೇಳಲಿ! ನಾನು ಎಲ್ಲವನ್ನೂ ದೊಡ್ಡದು ಮಾಡಿ ಹೇಳುವವಳು, ಇದನ್ನು ಮಾತ್ರ ಎಷ್ಟು ದೊಡ್ಡದು ಮಾಡಿದರೂ ಸಾಲದು. ಕಪ್ಪು ಪರದೆಯಲ್ಲಿ ಹೊಗೆಯಿಂದ ಮಾಡಿದಂಥ ಒಬ್ಬ ಹೆಂಗಸು ಮೆಲ್ಲಗೆ ತಿರುಗುತ್ತಿದ್ದಳು. ಬಟ್ಟೆಯಿಲ್ಲ, ಚರ್ಮವಿಲ್ಲ, ಸುಕ್ಕಿಲ್ಲ. ತಲೆಯೊಳಗೆ ಧಗಧಗ ಬೆಳಕು, ಎದೆಯಲ್ಲಿ ಹೃದಯದ್ದೊಂದು ಬೆಳಕು, ಕೆಳಗೆ ಉಚ್ಚೆ ಚೀಲ ಕೂಡ ಹುಣ್ಣಿಮೆ ಚಂದ್ರ.

"ಇವಳು ಯಾರಪ್ಪಾ?"

"ನೀವೇ ಅಜ್ಜಿ."

ಇಷ್ಟು ವರ್ಷ ಈ ಮೈಯನ್ನು ಹೊತ್ತು ತಿರುಗಿದ್ದೇನೆ, ಒಳಗೆ ಇಂಥ ದೀಪಾಲಂಕಾರವಿದೆ ಎಂದು ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು. ಸುಮ್ಮನಿರಲಾಗದೆ ಸೊಸೆಗೆ ಹೇಳಿದೆ: "ನೋಡೇ, ತಲೇಲಿ ಏನೂ ಇಲ್ಲ ಅಂತಿದ್ರಲ್ಲ ನಿನ್ನ ಮಾವ, ಎಲ್ಲಕ್ಕಿಂತ ಜಾಸ್ತಿ ಉರೀತಿರೋದು ಅದೇ!"

ಅವೆಲ್ಲ ಎಲ್ಲರಲ್ಲೂ ಹೊಳೆಯುವ ಜಾಗಗಳೇ ಅಂದು ಡಾಕ್ಟರು ಎಡ ಎದೆಯ ಒಂದು ಚುಕ್ಕೆ ತೋರಿಸಿದರು. ಗಂಟು. ಚಿಕ್ಕದಾದರೂ ದುರಾಸೆಯ ಬೆಳಕು ಅದು. ಆಮೇಲೆ ಅವರ ಬೆರಳು ಮೇಲಕ್ಕೆ ಹೋಗಿ ಗಂಟಲಿನ ಹತ್ತಿರ ನಿಂತಿತು. ಅಲ್ಲೂ ಒಂದು ದೀಪ.

"ಅಜ್ಜಿ, ಚುಚ್ಚಿದ ಮೇಲೆ ಮಾತಾಡಿದ್ರಾ?"

ಪಕ್ಕದಲ್ಲಿ ಸೊಸೆ. ಸತ್ತ ಗಂಡನ ಹತ್ತಿರ ಹರಟುತ್ತಿದ್ದೆ ಎಂದರೆ ಅತ್ತೆಗೆ ತಲೆ ಕೆಟ್ಟಿತು ಎಂದುಕೊಂಡಾಳು. "ಛೆ, ಒಬ್ಬಳೇ ಇದ್ದೆ. ಯಾರ ಹತ್ರ ಮಾತಾಡ್ಲಿ? ತುಟಿ ಬಿಚ್ಚಿಲ್ಲ."

ಡಾಕ್ಟರ ಮುಖ ಸಣ್ಣದಾಯಿತು. "ಹಾಗಿದ್ರೆ ಗಂಟಲಿಂದ ಚೂರು ತೆಗೆದು ನೋಡ್ಬೇಕಾಗುತ್ತೆ. ಅಲ್ಲೂ ಕಾಯಿಲೆ ಇದ್ರೆ ಆಪರೇಷನ್ ಮಾತು ಬಿಡ್ಬೇಕು."

ನನ್ನ ಕೈಯ ಮೇಲಿದ್ದ ಸೊಸೆಯ ಕೈ ಮಂಜುಗಡ್ಡೆಯಾಯಿತು. ಆ ತಣ್ಣನೆಯ ಕೈ ನನ್ನಿಂದ ಸತ್ಯ ಹೊರಡಿಸಿತು.

"ಮಾತಾಡಿದೆ ಡಾಕ್ಟ್ರೇ. ಪಿಸುಮಾತು. ಗಂಟೆ ಪೂರ್ತಿ. ಯಜಮಾನ್ರ ಹತ್ರ."

ನಾನು ತಲೆ ಎತ್ತಲಿಲ್ಲ. ಸೊಸೆಯೇ ಬಾಯಿ ಬಿಟ್ಟಳು. "ನನಗೆ ಗೊತ್ತು ಅತ್ತೆ. ದಿನಾ ಅಡುಗೆಮನೆಗೆ ಕೇಳಿಸುತ್ತೆ. ಮಾವನಿಗೆ ನನ್ನ ಮೇಲೆ ದೂರು ಹೇಳಿದ್ರಾ?"

"ಊಟ ಬಿಡ್ತಿದೀಯ ಅಂತ ಹೇಳಿದೆ."

ಡಾಕ್ಟರು ಗಂಟಲನ್ನು ದೊಡ್ಡದು ಮಾಡಿ ನೋಡಿದರು. ಸ್ವರ ಹೊರಡುವ ಜಾಗದಲ್ಲಿ ಎರಡು ಎಳೆ ಇರುತ್ತವಂತೆ, ಎರಡೂ ಹೊತ್ತಿಕೊಂಡಿದ್ದವು. ಅವರು ನಿಧಾನವಾಗಿ ಅಂದರು: "ಮಾತಿಂದಲೇ ಇರ್ಬಹುದು. ಆದ್ರೆ ಒಂದು ಕಡೆ ಸ್ವಲ್ಪ ಜಾಸ್ತಿ ಇದೆ. ಇರ್ಬಹುದು ಅಂತ ನಂಬಿ ಎದೆ ಕೊಯ್ಯೋಕಾಗಲ್ಲ. ಇನ್ನೊಂದು ದಿನ ಬನ್ನಿ, ಕತ್ತು ಮಾತ್ರ ನೋಡೋಣ. ಆ ದಿನ ಮಾತ್ರ ದಯವಿಟ್ಟು..."

ನಾನು ಅವರ ಮಾತು ಕೇಳುತ್ತಿರಲಿಲ್ಲ. ಪರದೆಯನ್ನೇ ನೋಡುತ್ತಿದ್ದೆ. ಯಜಮಾನರ ಫೋಟೋ ಗೋಡೆಯ ಮೇಲಿದೆ. ಅವರ ಹತ್ತಿರ ನಾನಾಡಿದ ಮಾತಿಗೂ ಫೋಟೋ ತೆಗೆಯಬಹುದೆಂದು ಯಾರಿಗೆ ಗೊತ್ತಿತ್ತು? ಅದು ಇಷ್ಟು ಚೆಂದ ಹೊಳೆಯುತ್ತದೆಂದು ಯಾರಿಗೆ ಗೊತ್ತಿತ್ತು?

ಮುಂದಿನ ವಾರ ಮತ್ತೆ ಅದೇ ಕೋಣೆ, ಅದೇ ಕಂಬಳಿ. ಸೀಸದ ರಾಣಿ ಈ ಸಲ ಕಂಬಳಿಯನ್ನು ಗಲ್ಲದ ಕೆಳಗೇ ಸಿಕ್ಕಿಸಿದಳು. "ತುಟಿ ನನಗೆ ಕಾಣ್ತಿರ್ಬೇಕು ಅಜ್ಜಿ."

ಬಾಗಿಲು ಮುಚ್ಚಿತು. ನಾಲಗೆ ಹಗ್ಗ ಬಿಗಿದ ಕರುವಿನ ಹಾಗೆ ಎಳೆದಾಡಿತು. ಯಜಮಾನರು ಬದುಕಿದ್ದಾಗ ಅವರಿಗೆ ಮಾತಾಡಲು ಸಂದು ಕೊಟ್ಟವಳೇ ಅಲ್ಲ ನಾನು. ಹೋಗಲಿ, ಈ ಒಂದು ಗಂಟೆ ಅವರದೇ ಆಗಲಿ ಎಂದು ಬಿಟ್ಟುಕೊಟ್ಟೆ. ಅವರೂ ಏನೂ ಅನ್ನಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಏನೋ ಕೇಳಿಸತೊಡಗಿತು. ನನ್ನದೇ ಎದೆ ಬಡಿತ, ನನ್ನದೇ ಉಸಿರು, ಒಳಗೊಂದು ದೊಡ್ಡ ಕಾರ್ಖಾನೆ ಯಾರ ಅಪ್ಪಣೆಗೂ ಕಾಯದೆ ನಡೆಯುತ್ತಿತ್ತು. ಇಷ್ಟು ವರ್ಷ ನನ್ನ ಗಲಾಟೆಯಲ್ಲಿ ಅದರ ಸದ್ದು ನನಗೇ ಕೇಳಿಸಿರಲಿಲ್ಲ. ಭಯ ಹೋಗಿ ಭಕ್ತಿಯಂಥದ್ದು ಬಂತು.

ಮಧ್ಯಾಹ್ನ ಮತ್ತೆ ಪರದೆಯ ಮುಂದೆ. ಡಾಕ್ಟರು ಕತ್ತಿನ ಚಿತ್ರ ತಂದರು. ನಾನು ಕಣ್ಣು ಮುಚ್ಚಿಕೊಂಡೆ. ಮೊದಲು ನೋಡಿದವಳು ಸೊಸೆ. ನೋಡಿದವಳೇ ನನ್ನ ಹೆಗಲಿಗೆ ಮುಖ ಒತ್ತಿ ಅಳತೊಡಗಿದಳು. ಅವಳದು ನಗುವಾಗಲೂ ಅಳು, ಅಳುವಾಗಲೂ ಅಳು, ಏನು ತಿಳಿಯಬೇಕು? ಕಣ್ಣು ಬಿಟ್ಟೆ.

ಗಂಟಲಲ್ಲಿ ದೀಪವಿತ್ತೋ, ಕತ್ತಲಿತ್ತೋ? ನೀವೇ ಹೇಳಿ ನೋಡೋಣ. ಇಷ್ಟು ಹೊತ್ತು ಒಂದೇ ಉಸಿರಿನಲ್ಲಿ ಇಷ್ಟೆಲ್ಲ ಹರಟಿದವಳು ನಾನು. ಎಡ ಪಕ್ಕೆಯಲ್ಲಿ ರೈಲು ಹಳಿಯಷ್ಟು ಉದ್ದದ ಹೊಲಿಗೆ ಗುರುತು ಇದೆ, ಬೇಕಾದರೆ ಬಂದು ನೋಡಿ. ಊಹಿಸಿ.